ಉಸಿರಿರುವಾಗಲೇ ಹೊಡೆದ ಗಂಟೆ

ಹೆಕ್ಲರ್ಟನ್ನಿನಲ್ಲಿ ಸಂತ ಮಿಖಾಯಿಲನ ಚರ್ಚಿನ ದೊಡ್ಡ ಗಂಟೆ ನಿಧಾನಕ್ಕೆ, ಒಂದೊಂದೇ ಏಟಾಗಿ ಕೇಳಿಸತೊಡಗಿದರೆ ಯಾರು ಹೋದರು ಎಂದು ಯಾರೂ ವಿಚಾರಿಸುವುದಿಲ್ಲ. ಮೊದಲು ಒಲೆ ಹಚ್ಚುತ್ತಾರೆ. ಹಂದಿಯ ತೊಡೆ ಒಲೆಯೊಳಗೆ ಹೋಗುತ್ತದೆ, ಅಕ್ಕಿ ಮಾಂಸ ತುಂಬಿದ ಎಲೆಕೋಸಿನ ಸುರುಳಿಗಳು ತಟ್ಟೆಯಲ್ಲಿ ಸಾಲಾಗಿ ಮಲಗುತ್ತವೆ, ಆಮೇಲೆ ಫೋನು. ಹೆಸರು ಗೊತ್ತಾಗುವಷ್ಟರಲ್ಲಿ ಅಡುಗೆ ಅರ್ಧ ಆಗಿರುತ್ತದೆ. ಹೋದವರು ಯಾರೇ ಇರಲಿ, ಇದ್ದವರಿಗೆ ಹಸಿವಾಗುವುದಂತೂ ಖಂಡಿತ ಎನ್ನುವುದು ಪೆನ್ಸಿಲ್ವೇನಿಯಾದ ಆ ಕಲ್ಲಿದ್ದಲ ಬೆಟ್ಟಗಳಲ್ಲಿ ಅಜ್ಜಿಯರಿಂದ ಬಂದ ವಿವೇಕ. ಗಣಿಗಳು ಮುಚ್ಚಿದವು. ಶರ್ಟಿನ ಕಾರ್ಖಾನೆ ಮುಚ್ಚಿತು. ಸಿನಿಮಾ ಮಂದಿರ ಮುಚ್ಚಿ ಅಲ್ಲಿ ಟೈರಿನ ಅಂಗಡಿ ಬಂತು, ಅದೂ ಗಾಳಿ ಹೋಗಿ ಮುಚ್ಚಿತು. ಒಲೆಯ ಪದ್ಧತಿ ಮಾತ್ರ ಆರಲಿಲ್ಲ.

ಆ ಗಂಟೆಯ ಹಗ್ಗ ಮಾರ್ಲೀನ್ ವಾಸ್ಕೋಳ ಕೈಯಲ್ಲಿತ್ತು.

ಮಾರ್ಲೀನ್‌ಗೆ ಎಪ್ಪತ್ತು ದಾಟಿತ್ತು. ಎತ್ತರ ದೇವರು ಉಳಿತಾಯ ಮಾಡಿದ್ದ, ತೋಳು ಮಾತ್ರ ಧಾರಾಳವಾಗಿ ಕೊಟ್ಟಿದ್ದ. ಹಗಲೆಲ್ಲ ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿದು, ಭಾನುವಾರ ಗಂಟೆ ಎಳೆದು ಬೆಳೆದ ತೋಳು ಅದು. ಆಕೆಯ ಕೈಕುಲುಕಿದವರು ಆಮೇಲೆ ತಮ್ಮ ಬೆರಳುಗಳನ್ನು ಗುಟ್ಟಾಗಿ ಎಣಿಸಿಕೊಳ್ಳುತ್ತಿದ್ದರು. ಬೇರೆ ಚರ್ಚುಗಳೆಲ್ಲ ಗುಂಡಿ ಒತ್ತಿದರೆ ಹಾಡುವ ಯಂತ್ರ ತಂದುಕೊಂಡಿದ್ದವು. ಈ ಚರ್ಚಿಗೆ ಮಾರ್ಲೀನ್ ಇದ್ದಳು.

ಹಗ್ಗ ಆಕೆಗೆ ಅಪ್ಪನಿಂದ ಬಂದದ್ದು. ಅಪ್ಪನ ಹೆಸರು ಮೆಟ್ರೋ ಹುಡಾಕ್. ಹೆಸರು ಮೆಟ್ರೋ ಆದರೂ ಜನ್ಮದಲ್ಲಿ ಅವಸರ ಪಟ್ಟವನಲ್ಲ. ಗಣಿಯಲ್ಲಿ ದುಡಿದು, ಎದೆಯಲ್ಲಿ ಕಲ್ಲಿದ್ದಲ ದೂಳು ತುಂಬಿಕೊಂಡು, ಉಸಿರು ಸಾಲದಾದಾಗ ಚರ್ಚಿನ ಗಂಟೆಯವನಾದ. ಮಗಳಿಗೆ ಅವನು ಕಲಿಸಿದ ವ್ಯಾಕರಣ ಇಷ್ಟೆ: ಗಂಡಸು ಹೋದರೆ ಮೊದಲು ಮೂರು ಮೂರು ಏಟು, ಹೆಂಗಸು ಹೋದರೆ ಎರಡೆರಡು, ಆಮೇಲೆ ನಿಧಾನದ ಏಟುಗಳು. ಶುರು ಮಾಡಿದ ಮೇಲೆ, ಆಕಾಶವೇ ಬೀಳಲಿ, ನಡುವೆ ನಿಲ್ಲಿಸಕೂಡದು.

ಇನ್ನೊಂದು ಪಾಠವನ್ನು ಆಕೆ ಏಳು ವರ್ಷದವಳಿದ್ದಾಗ ಅಡುಗೆಮನೆಯಲ್ಲಿ ಕಲಿತಳು. ಗಣಿಯ ಚಾವಣಿ ಕುಸಿದು ಅಜ್ಜನನ್ನು ಬಾಗಿಲ ಹಲಗೆಯ ಮೇಲೆ ಮನೆಗೆ ತಂದರು. ಡಾಕ್ಟರು ನೋಡಿದರು, ತಲೆಯಾಡಿಸಿದರು, ಟೊಪ್ಪಿ ಹಾಕಿಕೊಂಡು ಹೋದರು. ಆಗ ಅಜ್ಜಿ, ಆ ಮನೆಯ ಭಾಷೆಯಲ್ಲಿ ಅಜ್ಜಿಗೆ ‘ಬಾಬಾ’ ಎನ್ನುತ್ತಿದ್ದರು, ಮಗನ ಕಡೆ ತಿರುಗಿ ಹೇಳಿದಳು: "ಹೋಗು, ಗಂಟೆ ಹೊಡಿ."

"ಇನ್ನೂ ಉಸಿರಾಡ್ತಿದಾನಲ್ಲಮ್ಮ."

"ಅದಕ್ಕೇ ಈಗ ಹೊಡಿ ಅಂದಿದ್ದು. ಸತ್ತ ಮೇಲೆ ಹೊಡೆದ್ರೆ ಅವನಿಗೇನು ಬಂತು?"

ಅವರು ಬಿಟ್ಟುಬಂದ ಹಳೆಯ ದೇಶದಲ್ಲಿ ಹಾಗೆಯೇ ಇತ್ತಂತೆ. ಗಂಟೆ ಹೊಡೆಯುತ್ತಿದ್ದದ್ದು ಸಾಯುತ್ತಿರುವವರಿಗೆ. ಮೆಟ್ರೋ ಹೋಗಿ ಹೊಡೆದ. ಅಜ್ಜ ಕಣ್ಣು ತೆರೆದು "ಯಾರಿಗೆ?" ಎಂದ. "ನಿನಗೇ" ಎಂದಳು ಅಜ್ಜಿ. "ಹಾಗಾದ್ರೆ ಒಳ್ಳೆ ಶರ್ಟ್ ಹಾಕು, ಜನ ಬರ್ತಾರೆ" ಎಂದ ಅಜ್ಜ. ಜನ ಬಂದರು. ಒಬ್ಬ ಎಂದೋ ಒಯ್ದಿದ್ದ ಗರಗಸ ಹಿಂದಿರುಗಿಸಿದ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಷಡ್ಡಕ ಬಾಗಿಲಲ್ಲಿ ನಿಂತು ಅತ್ತ. ಅಜ್ಜ ಎಲ್ಲರನ್ನೂ ಕಂಡು, ಗರಗಸದ ಹಲ್ಲು ಮೊಂಡಾಗಿದೆ ಎಂದು ಬೈದು, ಆಮೇಲೆ ಹೋದ.

"ಹೋದ ಮೇಲೆ ಹೊಡೆಯೋದು ಸುದ್ದಿ, ಮಗಳೇ," ಎಂದಿದ್ದ ಮೆಟ್ರೋ. "ಹೋಗೋಕೆ ಮುಂಚೆ ಹೊಡೆಯೋದು ಕರೆ."

ಬರಬರುತ್ತ ಜನ ಮನೆಯಲ್ಲಿ ಸಾಯುವುದನ್ನು ಬಿಟ್ಟು ಆಸ್ಪತ್ರೆಯಲ್ಲಿ ಸಾಯತೊಡಗಿದರು. ಕರೆಯ ಗಂಟೆ ನಿಂತು ಸುದ್ದಿಯ ಗಂಟೆ ಉಳಿಯಿತು.

ಆ ಆಸ್ಪತ್ರೆ ಇದ್ದದ್ದು ಚರ್ಚಿನ ಬೀದಿಯ ಇಳಿಜಾರಿನ ತುದಿಯಲ್ಲಿ. ಗಣಿಯವರ ಸಂಬಳದಿಂದ ಹಿಡಿದು ಹಿಡಿದು ಕಟ್ಟಿಸಿದ್ದು. ಮಾಲೀಕರು ಬದಲಾದಂತೆಲ್ಲ ಹಣೆಯ ಮೇಲೆ ಹೊಸ ಹೆಸರು ಬರುತ್ತಿತ್ತು. ಊರವರು ಯಾವುದನ್ನೂ ಬಾಯಿಪಾಠ ಮಾಡದೆ ‘ಕೆಳಗಿನ ಆಸ್ಪತ್ರೆ’ ಎಂದೇ ಕರೆಯುತ್ತಿದ್ದರು. ಮಾರ್ಲೀನ್‌ಗೆ ಅದು ಗಂಡನನ್ನು ಎರಡು ಸಲ ವಾಪಸು ಕೊಟ್ಟ ಜಾಗ. ಆಂಡಿ ಲಾರಿ ಓಡಿಸಿ ನಿವೃತ್ತನಾದವನು. ಮೊದಲ ಸಲ ಹಿಮ ಎತ್ತುವಾಗ ಎದೆ ಹಿಡಿದುಕೊಂಡು ಕೂತ. ಎರಡನೆಯ ಸಲ ಬಿಂಗೋ ಆಡುವಾಗ, ಅದೂ ಗೆಲ್ಲಲು ಒಂದೇ ಅಂಕಿ ಬಾಕಿ ಇದ್ದಾಗ. ಎರಡು ಸಲವೂ ತುರ್ತು ವಿಭಾಗದವರು ಹಿಡಿದು ನಿಲ್ಲಿಸಿದರು. "ಇನ್ನು ಎದೆ ಹಿಡಿದರೆ ಒಂದು ನಿಮಿಷಾನೂ ಕಾಯಬೇಡಿ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇದು ಬಿಟ್ಟರೆ ಮುಂದಿನ ತುರ್ತು ವಿಭಾಗ ಬೆಟ್ಟದಾಚೆ. ಬೆಟ್ಟದ ರಸ್ತೆಗೆ ಚಳಿಗಾಲದಲ್ಲಿ ತನ್ನದೇ ಮರ್ಜಿ.

ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಬುಧವಾರ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಪಿರೋಹಿ ಮಾಡುತ್ತಾರೆ. ಆಲೂಗಡ್ಡೆ ತುಂಬಿ, ಅಂಚು ಚಿವುಟಿ, ಶುಕ್ರವಾರ ಮಾರಲು. ಚಿವುಟುವುದು ಹಿಟ್ಟನ್ನು ಮಾತ್ರ ಅಲ್ಲ ಎಂದು ಸೊಸೆಯಂದಿರು ಬಲ್ಲರು. ಆ ಬುಧವಾರ ಮಾರ್ಲೀನ್ ಹಾಸಿದ ಪತ್ರಿಕೆಯ ಮೇಲೆ ಆಲೂಗಡ್ಡೆ ಸುಲಿಯುತ್ತಿದ್ದಳು. ಪತ್ರಿಕೆ ಕೆಳ ಕಣಿವೆಯ ನಗರದ್ದು. ಹೆಕ್ಲರ್ಟನ್ನಿಗೆ ಅದು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಪಾಲೆಟ್ ಪೆಟ್ರಿಲ್ಲಾಳ ಅಳಿಯ ಗಾಜಿನ ಸಾಮಾನು ಸುತ್ತಿ ತಂದದ್ದು. ಪಾಲೆಟ್ ಎಂದರೆ ಮಾರ್ಲೀನಳ ಬಾಲ್ಯದ ಗೆಳತಿ, ಕನ್ಯಾಸ್ತ್ರೀಯರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಒಂದೇ ಅಡಿಕೋಲಿನಿಂದ ಏಟು ತಿಂದವಳು.

"ಮಾರ್ಲೀನ್, ಸುಲಿಯೋಕೆ ಬಂದಿದೀಯೋ ಓದೋಕೆ ಬಂದಿದೀಯೋ?" ಎಂದಳು ಪಾಲೆಟ್.

ಮಾರ್ಲೀನ್ ಸಿಪ್ಪೆಯನ್ನು ಚಾಕುವಿನಿಂದ ಪಕ್ಕಕ್ಕೆ ಸರಿಸಿದಳು. ಎಳೆದು ತಂದ ಕಾರುಗಳ ಹರಾಜಿನ ಜಾಹೀರಾತಿಗೂ ಯಾವುದೋ ಉಯಿಲಿನ ತಕರಾರಿಗೂ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಇತ್ತು. ಹೆಕ್ಲರ್ಟನ್ನಿನ ಆಸ್ಪತ್ರೆ ತನ್ನ ತುರ್ತು ಚಿಕಿತ್ಸಾ ವಿಭಾಗವನ್ನು ನಿಲ್ಲಿಸಲು ಉದ್ದೇಶಿಸಿದೆ. ರಾಜ್ಯದ ನಿಯಮದಂತೆ ಮೂರು ತಿಂಗಳ ಮುನ್ಸೂಚನೆ ಇದು. ಸಾರ್ವಜನಿಕರ ಅಭಿಪ್ರಾಯ ಕೇಳಲು ಕೊಟ್ಟಿದ್ದ ತಾರೀಕಿನಂದು, ಅಂದರೆ ಇನ್ನು ಎಂಟು ದಿನಕ್ಕೆ ಬರುವ ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ ಆಸ್ಪತ್ರೆಯ ಸಭಾಕೊಠಡಿಯಲ್ಲಿ ಸಭೆ. ಪತ್ರಿಕೆಯ ತಾರೀಕು ನೋಡಿದರೆ ಮೂರು ತಿಂಗಳಲ್ಲಿ ಬಹುಪಾಲು ಆಗಲೇ ಸವೆದಿತ್ತು. ಯಾರ ನೋಟಕ್ಕೂ ಬೀಳದ ನೋಟಿಸು.

"ಕೆಳಗಿನ ಆಸ್ಪತ್ರೆ ತುರ್ತು ವಿಭಾಗ ಮುಚ್ತಾರಂತೆ" ಎಂದಳು ಮಾರ್ಲೀನ್.

"ಯಾರು ಹೇಳಿದ್ದು?"

"ಆಲೂಗಡ್ಡೆ."

ಮಧ್ಯಾಹ್ನವೇ ಆಕೆ ಕೋಟು ಹಾಕಿಕೊಂಡು ಆಸ್ಪತ್ರೆಗೆ ಇಳಿದಳು. ಪ್ರಕಟಣೆಯನ್ನು ಆಸ್ಪತ್ರೆಯ ದ್ವಾರದಲ್ಲಿ ಅಂಟಿಸಬೇಕು ಎಂದು ಆ ಇರುವೆ ಸಾಲಿನ ಕೊನೆಯಲ್ಲಿ ಇತ್ತಲ್ಲ, ನೋಡೋಣ ಎಂದು. ಮುಂಬಾಗಿಲಿನಲ್ಲಿ ಸಿಗರೇಟು ಸೇದಬೇಡಿ, ಕೈ ತೊಳೆಯಿರಿ, ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಿರಿ ಎಂಬ ಉಪದೇಶಗಳಿದ್ದವು. ತುರ್ತು ವಿಭಾಗಕ್ಕೇ ಕೆಮ್ಮು ಹತ್ತಿರುವ ಸುದ್ದಿ ಮಾತ್ರ ಇರಲಿಲ್ಲ.

ಆಡಳಿತಾಧಿಕಾರಿ ಬ್ರೆಂಟ್ ಹಾರ್ಗ್ರೋವ್ ಹೊರಗಿನಿಂದ ಬಂದ ಯುವಕ. ಸಭ್ಯ. ಕೆಟ್ಟ ಸುದ್ದಿಯನ್ನು ಸಿಹಿ ಸವರಿ ನುಂಗಿಸುವುದಕ್ಕೇ ಸಂಬಳ ಪಡೆಯುವವನು.

"ದ್ವಾರದಲ್ಲೇ ಅಂಟಿಸಿದ್ದೀವಿ, ಮಿಸೆಸ್ ವಾಸ್ಕೋ. ಕಾನೂನಿನ ಪ್ರಕಾರ."

"ಯಾವ ದ್ವಾರ?"

"ಹಿಂದುಗಡೆ. ಹಳೇ ಧೋಬಿಖಾನೆ ಬಾಗಿಲು."

"ಅದಕ್ಕೆ ಬೀಗ ಬಿದ್ದು ಎಷ್ಟು ಕಾಲ ಆಯ್ತು?"

"ಬೀಗ ಇದ್ರೂ ಅದು ದ್ವಾರವೇ ಅಲ್ವಾ?"

"ಹೌದಪ್ಪ. ಗೋರಿಗೂ ಬಾಗಿಲಿರುತ್ತೆ. ಯಾರೂ ಹೋಗ್ತಾ ಬರ್ತಾ ಓದಲ್ಲ ಅಷ್ಟೆ."

ಬ್ರೆಂಟ್ ನಕ್ಕ. ಒಳ್ಳೆಯ ನಗು ಅವನದು. "ಗುರುವಾರ ಸಭೆಗೆ ಬನ್ನಿ. ಹನ್ನೆರಡು ಕುರ್ಚಿ ಹಾಕಿಸ್ತಿದೀನಿ" ಎಂದ.

ಆ ಒಂದು ವಾರ ಮಾರ್ಲೀನ್ ಮನುಷ್ಯರು ಮಾಡುವುದನ್ನೆಲ್ಲ ಮಾಡಿದಳು. ಅಂಚೆ ಕಚೇರಿಯಲ್ಲಿ, ಬೇಕರಿಯಲ್ಲಿ, ವಾಲ್ಟ್ ಕ್ಲೆಮಿಕ್‌ನ ಗ್ಯಾರೇಜಿನಲ್ಲಿ ಕಾಗದ ಅಂಟಿಸಿದಳು. ಫೋನು ಹಿಡಿದು ಊರಿನ ಅರ್ಧದಷ್ಟು ಕಿವಿಗಳನ್ನು ಬಿಸಿ ಮಾಡಿದಳು. ವಾಲ್ಟ್ ಕಾರಿನ ಕೆಳಗಿನಿಂದಲೇ ಮಾತಾಡಿದ.

"ದೊಡ್ಡವರು ಆಗಲೇ ತೀರ್ಮಾನ ಮಾಡಿರ್ತಾರೆ ಮಾರ್ಲೀನಕ್ಕ. ಸಭೆ ಅನ್ನೋದು ನಾವು ಬಾಯಿ ಚಪಲ ತೀರಿಸ್ಕೊಳ್ಳೋಕೆ."

"ನಿನ್ನ ಅಮ್ಮನ್ನ ಹೋದ ವರ್ಷ ಎಲ್ಲಿಗೆ ಎತ್ತಿಕೊಂಡು ಹೋದೆ?"

"ಕೆಳಗಡೆಗೇ."

"ಮತ್ತೆ?"

"ಗುರುವಾರ ಎರಡು ಗಂಟೆಗೆ ನನಗೆ ಎರಡು ಬ್ರೇಕು, ಒಂದು ಕ್ಲಚ್ಚು ಇದೆ. ನೋಡೋಣ ಬಿಡು."

‘ನೋಡೋಣ’ ಎನ್ನುವುದು ಹೆಕ್ಲರ್ಟನ್ನಿನಲ್ಲಿ ‘ಇಲ್ಲ’ ಎನ್ನುವುದರ ಮರ್ಯಾದೆಯ ರೂಪ. ಊರೆಲ್ಲ ನೋಡೋಣ ಎಂದಿತು. ಪಾಲೆಟ್ ಕೂಡ ನೋಡೋಣ ಎಂದಳು. ಅವಳಿಗೆ ಗುರುವಾರ ಕೂದಲು ಸೆಟ್ ಮಾಡಿಸುವ ದಿನ.

ಗುರುವಾರ ಬಂತು. ಹನ್ನೊಂದೂವರೆಗೆ ಮಾರ್ಲೀನ್ ಚರ್ಚಿನ ಬೂಟು ಹಾಕಿಕೊಳ್ಳುತ್ತಿದ್ದಳು. ಆಂಡಿ ಅಡುಗೆಮನೆಯ ಮೇಜಿನಲ್ಲಿ ಪದಬಂಧ ತುಂಬುತ್ತಿದ್ದ.

"ಎಲ್ಲಿಗೆ?"

"ಗಂಟೆ ಹೊಡೆಯೋಕೆ."

"ಯಾರು ಹೋದ್ರು?"

"ಇನ್ನೂ ಹೋಗಿಲ್ಲ."

ಆಂಡಿ ಪೆನ್ಸಿಲ್ ಕೆಳಗಿಟ್ಟ. ನಲವತ್ತೇಳು ವರ್ಷ ಸಂಸಾರ ಮಾಡಿದ ಗಂಡನಿಗೆ ಹೆಂಡತಿಯ ಅರ್ಧ ವಾಕ್ಯ ಸಾಕು. "ಬೇಡ ಮಾರಾಯ್ತಿ," ಎಂದ. "ಫಾದರ್‌ನ ಕೇಳದೆ ಹೊಡೆಯೋ ಹಾಗಿಲ್ಲ. ಆ ಗಂಟೆ ಒಂದು ಸಲಾನೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳ್ತು ಅಂತಾದ್ರೆ ನಾಳೆ ನಾನು ಸತ್ತಾಗ ಒಬ್ಬರೂ ಒಲೆ ಹಚ್ಚಲ್ಲ ಕಣೇ."

"ನೀನು ಸಾಯಬಾರದು ಅಂತಾನೇ ಹೊಡೀತಿರೋದು."

ಆಂಡಿ ಮತ್ತೆ ಪೆನ್ಸಿಲ್ ಎತ್ತಿಕೊಂಡ. ಆಮೇಲೆ, "ಕೈಗವಸು ಹಾಕ್ಕೋ. ಹಗ್ಗ ತಣ್ಣಗಿರುತ್ತೆ" ಎಂದ.

ಗಂಟೆಗೋಪುರದ ಕೆಳಗೆ ನಿಂತಾಗ ಒಂದು ತೊಡಕು ಎದುರಾಯಿತು. ಮೂರು ಮೂರೋ ಎರಡೆರಡೋ? ತುರ್ತು ವಿಭಾಗ ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಮಾರ್ಲೀನ್ ಎರಡನ್ನೂ ಬಿಟ್ಟು ನೇರವಾಗಿ ನಿಧಾನದ ಏಟುಗಳಿಗೇ ಇಳಿದಳು. ಹಗ್ಗ ಕೆಳಗೆ ಬಂತು, ಮೇಲೆ ಹೋಯಿತು. ಮಂಜಿನಲ್ಲಿ ಗಂಟೆಯ ದನಿ ಇಳಿಜಾರಿನುದ್ದಕ್ಕೂ ಉರುಳಿತು. ಏಳನೆಯದೋ ಎಂಟನೆಯದೋ ಏಟಿಗೆ ಆಕೆಗೆ ಅಪ್ಪನ ಇನ್ನೊಂದು ಮಾತು ನೆನಪಾಯಿತು. ಮುನ್ನುಡಿಯಿಲ್ಲದೆ ನೇರ ಹೊಡೆಯುವುದೂ ಒಂದಿತ್ತು. ಬಹಳ ಅಪರೂಪ. ಅದು ಪಾದ್ರಿಗೆ.

ನಿಲ್ಲಿಸುವಂತಿಲ್ಲ. ಆಕಾಶವೇ ಬೀಳಲಿ ಎಂದಿದ್ದನಲ್ಲ ಅಪ್ಪ. ಮಾರ್ಲೀನ್ ಎಳೆಯುತ್ತಲೇ ಹೋದಳು, ಆಕಾಶ ಬೀಳುವುದನ್ನು ಕಾಯುತ್ತ.

ಕೆಳಗೆ ಊರು ತನಗೆ ಗೊತ್ತಿದ್ದದ್ದನ್ನು ಮಾಡಿತು. ಒಲೆಗಳು ಹತ್ತಿದವು. ಗಂಟೆಯ ಭಾಷೆ ಬಲ್ಲ ಹಿರಿಯರು ಶಿಲುಬೆಯ ಗುರುತು ಮಾಡಿಕೊಂಡು "ಫಾದರ್ ಬಾಸಿಲ್" ಎಂದರು, ಕಿರಿಯರು ಅದನ್ನೇ ಫೋನಿಗೆ ಹೇಳಿದರು. ಫಾದರ್ ಬಾಸಿಲ್‌ಗೆ ಎಂಬತ್ತನಾಲ್ಕು, ಚಳಿಗಾಲವಿಡೀ ಕೆಮ್ಮು. ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಪಾಲೆಟ್ ಕೂದಲಿಗೆ ಸುತ್ತಿದ್ದ ಸುರುಳಿಗಳನ್ನು ಹಾಗೆಯೇ ಬಿಟ್ಟು, ಮೇಲೆ ಸ್ಕಾರ್ಫ್ ಕಟ್ಟಿ, ಭಾನುವಾರಕ್ಕೆಂದು ಬೇಯಿಸಿಟ್ಟಿದ್ದ ಇಡೀ ಹಂದಿತೊಡೆ ಹೊತ್ತುಕೊಂಡು ಅಳುತ್ತ ಪಾದ್ರಿಮನೆಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದವರು ಫಾದರ್ ಬಾಸಿಲ್. ಕಾಲಲ್ಲಿ ಮನೆ ಚಪ್ಪಲಿ, ಕೈಯಲ್ಲಿ ಅರ್ಧ ತಿಂದ ಟೋಸ್ಟು, ಕಿವಿಯ ಯಂತ್ರ ಜೇಬಿನಲ್ಲಿ.

"ಏನಮ್ಮ ಪಾಲೆಟ್, ಅಳ್ತಿದೀಯಾ? ಯಾರು ಹೋದ್ರು?"

ಪಾಲೆಟ್ ಹಂದಿತೊಡೆಯನ್ನು ಎದೆಗವಚಿಕೊಂಡು, "ನೀವೇ ಫಾದರ್" ಎಂದಳು.

ಫಾದರ್ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು ಇನ್ನೊಮ್ಮೆ ಹೇಳಿಸಿಕೊಂಡರು. ಯೋಚಿಸಿದರು. "ನನಗೆ ಯಾರೂ ತಿಳಿಸಲೇ ಇಲ್ಲವಲ್ಲ" ಎಂದರು.

ಅರ್ಧ ತಾಸಿನೊಳಗೆ ಚರ್ಚಿನ ಸಭಾಂಗಣ ತುಂಬಿತು. ವಾಲ್ಟ್ ಎರಡು ಬ್ರೇಕು, ಒಂದು ಕ್ಲಚ್ಚನ್ನು ಅವುಗಳ ಹಣೆಬರಹಕ್ಕೆ ಬಿಟ್ಟು ಬಂದಿದ್ದ. ಬೇಕರಿಯ ರಾಮೋನ್ ಬುಟ್ಟಿ ತುಂಬ ಬ್ರೆಡ್ಡು ತಂದಿದ್ದ. ಅವನು ಡೊಮಿನಿಕನ್, ಊರಿಗೆ ಹೊಸಬ, ಬೇರೆ ಚರ್ಚಿನವನು. ಬಂದ ಮೊದಲ ವರ್ಷ ಅವನ ಅತ್ತೆ ತೀರಿಕೊಂಡಾಗ ಗುರುತಿಲ್ಲದವರ ಹದಿನೆಂಟು ತಟ್ಟೆ ಎಲೆಕೋಸು ಮನೆಗೆ ಬಂದಿತ್ತು. ಅಂದಿನಿಂದ ಗಂಟೆ ಕೇಳಿದರೆ ಅವನೂ ಒಲೆ ಹಚ್ಚುತ್ತಿದ್ದ. ಎಲ್ಲರ ನಡುವೆ ಫಾದರ್ ಬಾಸಿಲ್ ಕುರ್ಚಿಯಲ್ಲಿ ಕೂತು ತಮ್ಮ ಸಾವಿಗೆ ಯಾರ್‍ಯಾರು ಏನೇನು ತಂದಿದ್ದಾರೆಂದು ಆಸಕ್ತಿಯಿಂದ ನೋಡುತ್ತಿದ್ದರು.

ಮಾರ್ಲೀನ್ ಗೋಪುರದಿಂದ ಹೊರಬಂದಾಗ ಎಲ್ಲರೂ ಆಕೆಯ ಕಡೆ ತಿರುಗಿದರು.

"ಮಾರ್ಲೀನಕ್ಕ," ಎಂದ ವಾಲ್ಟ್, "ನಿನ್ನ ಗಂಟೆ ನಂಬಿ ನಾವು ಹುಟ್ಟಿದಾಗಿನಿಂದ ಒಲೆ ಹಚ್ತಾ ಬಂದಿದೀವಿ. ಇದೇನಿದು?"

"ತಲೆ ಕೆಟ್ಟಿದೆ ಇವಳಿಗೆ" ಎಂದಳು ಪಾಲೆಟ್. ಸ್ಕಾರ್ಫಿನಡಿಯಿಂದ ಒಂದು ಸುರುಳಿ ಜಾರಿ ಹಣೆಗೆ ಬಂದಿತ್ತು. "ನಾನು ಫಾದರ್ ಮುಖಕ್ಕೇ ನೀವು ಸತ್ತಿದೀರ ಅಂದೆ. ಈ ಪಾಪ ಎಲ್ಲಿ ಹೋಗಿ ತೊಳ್ಕೊಳ್ಳಲಿ?"

ಮಾರ್ಲೀನ್ ಕೈಗವಸು ಬಿಚ್ಚಿದಳು.

"ಮುನ್ನುಡಿ ಬಿಟ್ಟಿದ್ದು ತಪ್ಪು. ಫಾದರ್‌ನ ಸಾಯಿಸಿದ್ದು ನನ್ನ ತಪ್ಪು, ಒಪ್ಕೋತೀನಿ. ಗಂಟೆ ಹೊಡೆದಿದ್ದು ತಪ್ಪಲ್ಲ. ಈ ಬೀದಿ ಕೆಳಗಡೆ ಒಂದು ಜೀವ ಹೋಗ್ತಾ ಇದೆ. ಇನ್ನೂ ಹೋಗಿಲ್ಲ. ನಮ್ಮಜ್ಜನಿಗೆ ಉಸಿರಿದ್ದಾಗಲೇ ಗಂಟೆ ಹೊಡೆದ್ರು, ಅದಕ್ಕೇ ಗರಗಸ ವಾಪಸ್ ಬಂತು. ಆಸ್ಪತ್ರೆಯವರು ನಮಗೆ ತಿಳಿಸಬೇಕಿತ್ತು, ಯಾರೂ ಓದದ ಜಾಗದಲ್ಲಿ ತಿಳಿಸಿದ್ರು. ನಾನು ಕಾಗದ ಅಂಟಿಸ್ದೆ, ನೀವು ಓದಲಿಲ್ಲ. ಫೋನ್ ಮಾಡ್ದೆ, ನೋಡೋಣ ಅಂದ್ರಿ. ಈ ಊರಲ್ಲಿ ನೀವು ತಪ್ಪದೆ ಓದೋದು ಇದೊಂದೇ." ಮೇಲಕ್ಕೆ ಬೆರಳು ತೋರಿಸಿದಳು. "ಬೈಯೋದಿದ್ರೆ ಬೈಯಿರಿ. ಆದ್ರೆ ಅಲ್ಲಿಗೆ ಹೋಗಿ ಬಂದು ಬೈಯಿರಿ. ಎರಡು ಗಂಟೆಗೆ ಸಭೆ."

ಫಾದರ್ ಬಾಸಿಲ್ ಕುರ್ಚಿಯ ತೋಳು ಹಿಡಿದು ಎದ್ದರು.

"ನನ್ನ ಮರಣಕ್ಕೆ ಇಷ್ಟು ಚೆನ್ನಾಗಿ ಅಡುಗೆ ಆಗುತ್ತೆ ಅಂತ ಗೊತ್ತಿದ್ರೆ ಮುಂಚೇನೇ ಸಾಯ್ತಿದ್ದೆ" ಎಂದರು. "ತಟ್ಟೆ ಎತ್ತಿಕೊಳ್ಳಿ. ಇವತ್ತು ಪುಣ್ಯಕ್ಕೆ ಗುರುವಾರ, ತಪಸ್ಸುಕಾಲದಲ್ಲೂ ಮಾಂಸ ನಡೆಯುತ್ತೆ. ತಣ್ಣಗಾಗೋಕೆ ಮುಂಚೆ ಕೆಳಗೆ ಇಳಿಯೋಣ."

ಆ ಮೆರವಣಿಗೆಯನ್ನು ಕಂಡವರು ಇಂದಿಗೂ ಹೇಳುತ್ತಾರೆ. ಮುಂದೆ ಜೀವಂತ ಪಾದ್ರಿ, ಹಿಂದೆ ಅವರ ತಿಥಿಯೂಟ. ಆವಿಯಾಡುವ ತಟ್ಟೆಗಳು, ಅಡುಗೆ ಕೈಗವಸು ಹಾಕಿದ ಕೈಗಳು, ಜಾರುವ ಹಿಮದಲ್ಲಿ ಒಬ್ಬರ ತೋಳು ಒಬ್ಬರು ಹಿಡಿದ ಮುದುಕಿಯರು. ಕೊನೆಯಲ್ಲಿ ಆಂಡಿ, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ. ಮಾರ್ಲೀನ್ ಅವನ ಪಕ್ಕದಲ್ಲಿ ನಡೆದಳು. ಅವನು ನಿಂತಾಗ ತಾನೂ ಬೂಟಿನ ದಾರ ಸರಿಮಾಡಿಕೊಳ್ಳುವವಳಂತೆ ಬಗ್ಗುತ್ತಿದ್ದಳು.

ಹನ್ನೆರಡು ಕುರ್ಚಿಗಳ ಕೋಣೆ ಹನ್ನೆರಡು ಜನರಿಗೆ ತುಂಬಿತು. ಉಳಿದವರು ಹಜಾರದಲ್ಲಿ, ಮೆಟ್ಟಿಲಲ್ಲಿ, ಔಷಧದಂಗಡಿಯ ಕಿಟಕಿಯವರೆಗೂ ನಿಂತರು. ಆಸ್ಪತ್ರೆಯೊಳಗೆ ಊಟ ತರುವಂತಿಲ್ಲ ಎಂದು ಕಾವಲುಗಾರ ಹೇಳಹೊರಟ. ಅವನ ಅಮ್ಮನೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತದ್ದು ಕಂಡು ಆ ವಾಕ್ಯವನ್ನು ನುಂಗಿದ. ರಾಜ್ಯ ಸರ್ಕಾರದಿಂದ ಬಂದಿದ್ದ ಅಧಿಕಾರಿಣಿ ಶ್ರೀಮತಿ ಓಕ್ಲಿ ಬೂದು ಕೋಟಿನ, ಬೇಸತ್ತ ಮುಖದ ಹೆಂಗಸು. ಇಂಥ ಸಭೆಗಳಲ್ಲಿ ಖಾಲಿ ಕುರ್ಚಿಗಳ ಅಭಿಪ್ರಾಯ ಕೇಳಿ ಕೇಳಿ ಆಕೆಗೆ ಅಭ್ಯಾಸವಾಗಿತ್ತು. ತಲೆ ಎತ್ತಿ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದಳು.

ಒಬ್ಬೊಬ್ಬರಾಗಿ ಮಾತಾಡಿದರು. ವಾಲ್ಟ್ ಅಮ್ಮನ ಬಗ್ಗೆ ಹೇಳಲು ಎದ್ದು, ಅರ್ಧದಲ್ಲೇ ಬಿಟ್ಟು, ಗ್ಯಾರೇಜಿನ ಭಾಷೆಯಲ್ಲಿ ಒಂದು ಮಾತು ಆಡಿ ಕೂತ. ರಾಮೋನ್ ತನ್ನ ಹೆಂಡತಿಗೆ ಮುಂದಿನ ತಿಂಗಳು ದಿನ ತುಂಬುತ್ತದೆ, ಬೆಟ್ಟದ ರಸ್ತೆಯಲ್ಲಿ ಮಗು ಹುಟ್ಟಿದರೆ ಜನನ ಪತ್ರದಲ್ಲಿ ಯಾವ ಊರು ಬರೆಯಬೇಕು ಎಂದು ಕೇಳಿದ. ಆಂಡಿ ಎದ್ದು, "ನಾನು ಎರಡು ಸಲ ಇಲ್ಲಿಗೆ ಸತ್ತು ಬಂದೆ" ಎಂದಷ್ಟೇ ಹೇಳಿದ.

ಶ್ರೀಮತಿ ಓಕ್ಲಿ ಕೇಳಿದಳು: "ಈ ಸಭೆಯ ವಿಷಯ ನಿಮಗೆಲ್ಲ ಹೇಗೆ ತಿಳೀತು?"

"ಗಂಟೆ" ಎಂದ ವಾಲ್ಟ್.

"ಗಂಟೆ" ಎಂದ ರಾಮೋನ್.

"ನಾನೇ ಸತ್ತುಹೋದೆ ಅಂತ ತಿಳೀತು" ಎಂದರು ಫಾದರ್ ಬಾಸಿಲ್.

"ಬಾಗಿಲಲ್ಲಿದ್ದ ಪ್ರಕಟಣೆ ನೋಡಿ ಬಂದವರು ಯಾರಾದ್ರೂ ಇದೀರಾ?"

ಒಂದು ಕೈಯೂ ಏಳಲಿಲ್ಲ. ಬ್ರೆಂಟ್ ಹಾರ್ಗ್ರೋವ್ ಗಂಟಲು ಸರಿಮಾಡಿಕೊಂಡು, ಪ್ರಕಟಣೆ ಅಂಟಿಸಿರುವುದು ಖಚಿತ, ಬೇಕಾದರೆ ತೋರಿಸುತ್ತೇನೆ ಎಂದ. ಅಧಿಕಾರಿಣಿ ಬೇಕು ಎಂದಳು. ಹಜಾರದ ಕೊನೆಯ ಬಾಗಿಲ ಬಳಿ ಹೋಗಿ ನಿಂತಾಗ ಅದರ ಕೀಲಿ ಯಾರ ಬಳಿಯೂ ಇಲ್ಲ ಎಂದು ತಿಳಿಯಿತು. ಶ್ರೀಮತಿ ಓಕ್ಲಿ ಕಟ್ಟಡವನ್ನು ಬಳಸಿಕೊಂಡು ಹೊರಗಿನಿಂದ ಹೋದಳು. ಧೋಬಿಖಾನೆಯ ಬಾಗಿಲ ಮುಂದೆ ಚಳಿಗಾಲದ ಹಿಮವೆಲ್ಲ ಮೊಣಕಾಲೆತ್ತರ ಗುಡ್ಡೆಯಾಗಿತ್ತು. ಅದರ ಮೇಲೆ ಗುಬ್ಬಿಯ ಕಾಲಿನ ಗುರುತು ಬಿಟ್ಟರೆ ಮತ್ತೊಂದು ಹೆಜ್ಜೆಯಿರಲಿಲ್ಲ. ಕಾಗದವೇನೋ ಬಾಗಿಲಲ್ಲಿತ್ತು, ನಿಜ. ಗುಬ್ಬಿಗಳಿಗೆ ಕಾನೂನಿನ ಪ್ರಕಾರ ತಿಳಿಸಿಯಾಗಿತ್ತು.

ಆಕೆ ಹಿಂದಿರುಗಿ ಬಂದಳು. ಅಂದು ತೀರ್ಪೇನೂ ಹೇಳಲಿಲ್ಲ. ಒದ್ದೆ ಬೂಟಿನಲ್ಲೇ ಕೂತು ಪಾಲೆಟ್ ಬಡಿಸಿದ ಹಂದಿತೊಡೆ ತಿಂದು, ಮತ್ತೊಂದು ತುಂಡು ಹಾಕಿಸಿಕೊಂಡು, ಸಭೆ ಮುಗಿದ ಮೇಲೂ ಮಾತಾಡಲು ನಿಂತವರನ್ನೆಲ್ಲ ಕತ್ತಲಾಗುವವರೆಗೆ ಕೇಳಿದಳು. ಎರಡು ವಾರದ ಮೇಲೆ ಆದೇಶ ಬಂತು. ಜನಕ್ಕೆ ಮುಟ್ಟದ ಪ್ರಕಟಣೆ ಪ್ರಕಟಣೆಯಲ್ಲ. ಮುಂಬಾಗಿಲಿನಲ್ಲಿ, ಊರಿನ ಅಂಚೆ ಕಚೇರಿಯಲ್ಲಿ, ಇಂಗ್ಲಿಷ್ ಸ್ಪ್ಯಾನಿಷ್ ಎರಡರಲ್ಲೂ ಹೊಸದಾಗಿ ಅಂಟಿಸಬೇಕು. ಮೂರು ತಿಂಗಳು ಹೊಸದಾಗಿ ಎಣಿಸಬೇಕು. ಮುಂದಿನ ಸಭೆ ದುಡಿಯುವವರು ಬರಬಲ್ಲ ಹೊತ್ತಿನಲ್ಲಿ, ಶಾಲೆಯ ಆಟದ ಮನೆಯಲ್ಲಿ ಆಗಬೇಕು. ಆಸ್ಪತ್ರೆಯವರು ಎರಡು ಗಂಟೆಗೆ ಕರೆದಿದ್ದರು, ಮಾರ್ಲೀನ್ ಒಂದೇ ಗಂಟೆಯಲ್ಲಿ ಮುಗಿಸಿದಳು ಎಂದು ಊರು ಆಡಿಕೊಂಡು ನಕ್ಕಿತು.

ಮಾರ್ಲೀನ್ ನಗಲಿಲ್ಲ. ಶನಿವಾರ ಪಾಪನಿವೇದನೆಗೆ ಹೋಗಿ ಮಂಡಿಯೂರಿದಳು.

"ಫಾದರ್, ನಿಮ್ಮನ್ನ ಕೇಳದೆ ಗಂಟೆ ಹೊಡೆದೆ. ನಿಮಗೆ ಅಂತ ಜನ ತಿಳ್ಕೊಂಡ್ರು. ಗಂಟೆ ಬಾಯಲ್ಲಿ ಸುಳ್ಳು ಹೇಳಿಸಿದೆ."

ಪರದೆಯಾಚೆ ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು.

"ಸುಳ್ಳು ಹೇಗಾಗುತ್ತಮ್ಮ? ನಾನೂ ಸಾಯ್ತಾನೇ ಇದೀನಿ. ಸ್ವಲ್ಪ ನಿಧಾನಕ್ಕೆ, ಅಷ್ಟೆ" ಎಂದರು ಫಾದರ್. ಆಮೇಲೆ, "ಪ್ರಾಯಶ್ಚಿತ್ತ ಅಂತ ಬೇಕಿದ್ರೆ ಪಾಲೆಟ್ ಹತ್ರ ಹೋಗಿ ಮಾತಾಡು. ಸತ್ತ ಮೇಲೆ ಪಾಪ ಸುಡೋ ಶುದ್ಧಿಲೋಕ ಅಂತಾರಲ್ಲ, ಅವಳ ಸಿಟ್ಟಿಗಿಂತ ದೊಡ್ಡದು ನನಗೆ ಗೊತ್ತಿಲ್ಲ" ಎಂದರು.

ಪಾಲೆಟ್ ಮುಂದಿನ ಬುಧವಾರದವರೆಗೆ ಮಾತಾಡಲಿಲ್ಲ. ಬುಧವಾರ ಮಾರ್ಲೀನಳ ಮುಂದೆ ಹೊಸ ಪತ್ರಿಕೆ ಹಾಸಿ, "ತಗೋ, ಓದು. ಇವತ್ತು ಏನು ಮುಚ್ತಿದಾರೆ ನೋಡು" ಎಂದಳು.

ಈಸ್ಟರ್ ಕಳೆದ ಮೇಲೆ ಒಂದು ಬೆಳಗ್ಗೆ ಆಂಡಿ ಕಿಟಕಿಯ ಗಾಜು ಒರೆಸುತ್ತಿದ್ದವನು ಬಟ್ಟೆಯನ್ನು ನಿಧಾನವಾಗಿ ಮಡಿಸಿ ಮೇಜಿನ ಮೇಲಿಟ್ಟು, "ಮಾರ್ಲೀನ್" ಎಂದ. ಅವನು ಬಟ್ಟೆ ಮಡಿಸಿದ್ದು ಜನ್ಮದಲ್ಲಿ ಅದೇ ಮೊದಲಾದ್ದರಿಂದ ಆಕೆಗೆ ತಕ್ಷಣ ಅರ್ಥವಾಯಿತು. ಆಂಬುಲೆನ್ಸ್ ಇಳಿಜಾರು ಇಳಿದು ಬಾಗಿಲು ಮುಟ್ಟಿದಾಗ ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಮುಂಬಾಗಿಲಿನಲ್ಲಿ ಎರಡು ಭಾಷೆಯಲ್ಲಿ ಪ್ರಕಟಣೆ ಅಂಟಿಸಿತ್ತು. ಇನ್ನು ಇಂತಿಷ್ಟು ದಿನಕ್ಕೆ ಈ ವಿಭಾಗ ಮುಚ್ಚಲಿದೆ ಎಂದು. ಮಾರ್ಲೀನ್ ಅದರ ಪಕ್ಕದಲ್ಲೇ ಗಾಲಿಮಂಚದ ಹಿಂದೆ ಓಡಿದಳು. ಹಳೆಯ ಲೆಕ್ಕದ ಪ್ರಕಾರ ಆ ಬಾಗಿಲು ಆಗಲೇ ಮುಚ್ಚಿರಬೇಕಿತ್ತು. ಮಧ್ಯಾಹ್ನಕ್ಕೆ ಆಂಡಿ ಕಣ್ಣು ತೆರೆದು, ಪದಬಂಧ ತಂದಿದ್ದೀಯಾ ಎಂದು ಕೇಳಿದ. ಮಾರ್ಲೀನ್ ಅಂದು ಆ ಹಜಾರದ ಬೆಂಚಿನಲ್ಲಿ ಕೂತು, ಅಷ್ಟು ಗಟ್ಟಿ ತೋಳುಗಳಲ್ಲಿ ಮುಖ ಹುದುಗಿಸಿಕೊಂಡು, ಯಾರಿಗೂ ಕೇಳಿಸದಂತೆ ಅತ್ತಳು.

ಎರಡನೆಯ ಸಭೆಗೆ ಗಂಟೆ ಬೇಕಾಗಲಿಲ್ಲ. ಆಟದ ಮನೆ ಹಾಗೆಯೇ ತುಂಬಿತು. ಇಷ್ಟು ಗದ್ದಲವಾದ ಮೇಲೆ ಪಕ್ಕದ ಕಣಿವೆಯ ಒಂದು ಧರ್ಮಸಂಸ್ಥೆ ಆಸ್ಪತ್ರೆಯನ್ನು ವಹಿಸಿಕೊಂಡು, ತುರ್ತು ವಿಭಾಗವನ್ನು ನಡೆಸಲು ಒಪ್ಪಿತು. ಹಾಸಿಗೆಗಳು ಅರ್ಧವಾದವು, ಕಾಫಿ ಯಂತ್ರ ಹೋಯಿತು. ಬಾಗಿಲು ಮಾತ್ರ ತೆರೆದೇ ಉಳಿಯಿತು, ಹಗಲೂ ರಾತ್ರಿ. ಹೊಸ ಹೆಸರನ್ನು ಹಣೆಗೆ ಬರೆಸಿದರು. ಊರವರು ಅದನ್ನೂ ಬಾಯಿಪಾಠ ಮಾಡಲಿಲ್ಲ.

ಬ್ರೆಂಟ್ ಹಾರ್ಗ್ರೋವ್‌ನನ್ನು ಹೊಸಬರೂ ಉಳಿಸಿಕೊಂಡರು. ಅವನು ಈಗ ಹೆಕ್ಲರ್ಟನ್ನಿನಲ್ಲೇ ಮನೆ ಮಾಡಿದ್ದಾನೆ, ಶುಕ್ರವಾರದ ಪಿರೋಹಿಗೆ ಸಾಲಿನಲ್ಲಿ ನಿಲ್ಲುತ್ತಾನೆ, ಆಸ್ಪತ್ರೆಯಲ್ಲಿ ಏನೇ ನಿಲ್ಲುವುದಿದ್ದರೂ ಮೊದಲು ಒಂದು ಫೋನು ಮಾಡುತ್ತಾನೆ.

"ಮಿಸೆಸ್ ವಾಸ್ಕೋ, ಮಂಗಳವಾರ ಲಿಫ್ಟ್ ರಿಪೇರಿ. ಒಂದು ದಿನ ಓಡಲ್ಲ. ಮುಂಚೆ ತಿಳಿಸೋಣ ಅಂತ."

"ಬಾಗಿಲಿಗೆ ಅಂಟಿಸಿದೀಯಾ?"

"ಮುಂಬಾಗಿಲಿಗೇ ಅಂಟಿಸಿದೀನಿ."

"ಕಣ್ಣಿನೆತ್ತರಕ್ಕೆ?"

"ನಿಮ್ಮ ಕಣ್ಣಿನೆತ್ತರಕ್ಕೆ. ನಾನು ಬಗ್ಗಿ ಓದ್ತಿದೀನಿ."

"ಒಳ್ಳೇದು ಕಣಪ್ಪ" ಎಂದು ಮಾರ್ಲೀನ್ ಫೋನು ಇಟ್ಟಳು. ಅಡುಗೆಮನೆಯಿಂದ ಆಂಡಿ, ಪದಬಂಧದಿಂದ ತಲೆ ಎತ್ತದೆ, ಕೇಳಿದ:

"ಯಾರು ಹೋದ್ರು?"

"ಲಿಫ್ಟು."

"ವಾಪಸ್ ಬರುತ್ತಂತಾ?"

"ಬುಧವಾರ."

"ಹಾಗಾದ್ರೆ ಒಲೆ ಹಚ್ಚಬೇಡ" ಎಂದ ಆಂಡಿ.